ಏಳು ದಿನದ ಕರಾವಳಿ ಪ್ಯಾಕೇಜು: ಗಾಡಿ ಪಾಸು, ಲೆಕ್ಕ ನಪಾಸು

ದಸರೆ, ದೀಪಾವಳಿ, ಡಿಸೆಂಬರ್ ರಜೆ ಹತ್ತಿರ ಬಂದಂತೆ ಬೆಳಗಾವಿ, ಬಾಗಲಕೋಟೆ, ವಿಜಯಪುರದ ಟ್ರಾವೆಲ್ಸ್‌ನವರು ಮುಂದಿಡುವುದು ಬಹುತೇಕ ಒಂದೇ ಮಾಲು: ಕರಾವಳಿ ಪ್ರವಾಸ, 7 ದಿನ 6 ರಾತ್ರಿ. ಒಂದು ಎರ್ಟಿಗಾ ಇಲ್ಲವೇ ಇನೋವಾ, ಒಬ್ಬ ಡ್ರೈವರ್, ಕೈಯಲ್ಲೊಂದು ಊರುಗಳ ಪಟ್ಟಿ. ಸಮುದ್ರವನ್ನೇ ನೋಡದ ಮನೆಮಂದಿಗೆ ಈ ಸೇವೆ ಕೊಟ್ಟ ದುಡ್ಡಿಗೆ ತಕ್ಕದ್ದೇ ಎಂಬುದಷ್ಟೇ ಇಲ್ಲಿನ ವಿಷಯ. ಇದು ಒಂದು ಅಂಗಡಿಯ ಮಾತಲ್ಲ. ಮೂರೂ ಊರಿನಲ್ಲಿ ಕರಾರು ಹೆಚ್ಚುಕಡಿಮೆ ಒಂದೇ ಅಚ್ಚಿನದು. ತೀರ್ಪು ಮೊದಲೇ ಬೇಕೆಂದರೆ: ಗಾಡಿ ಚಲೋ, ಡ್ರೈವರ್ ಚಲೋ, ಆದರೆ ಕಿಲೋಮೀಟರಿನ ಲೆಕ್ಕವೂ ಊರುಗಳ ಪಟ್ಟಿಯೂ ಬದಲಾಗಬೇಕು. ಬದಲಿಸಲು ಅವರೂ ಒಪ್ಪುತ್ತಾರೆ, ಅಡ್ವಾನ್ಸ್ ಕೊಡುವ ಮೊದಲು ಕೇಳಿದರೆ.

ಮೊದಲು ಲೆಕ್ಕ. ಗಾಡಿ ಎಷ್ಟೇ ಓಡಲಿ, ದಿನಕ್ಕೆ ಕನಿಷ್ಠ 300 ಕಿ.ಮೀ.ಗೆ ದುಡ್ಡು ಕೊಡಬೇಕು ಎಂಬ ಕರಾರಿನ ಷರತ್ತು ಶಿರಡಿ, ತಿರುಪತಿಯಂಥ ಓಟಕ್ಕೆ ಹೊಂದುತ್ತದೆ. ಅಲ್ಲಿ ಗಾಡಿ ಇಡೀ ದಿನ ಓಡುತ್ತದೆ. ಕರಾವಳಿಯಲ್ಲಿ ಗಾಡಿ ಓಡುವುದಕ್ಕಿಂತ ನಿಲ್ಲುವುದೇ ಹೆಚ್ಚು. ಕಾರವಾರದಿಂದ ಮಂಗಳೂರಿನವರೆಗಿನ ಇಡೀ ದಾರಿ ಸುಮಾರು 270 ಕಿ.ಮೀ., ಅಂದರೆ ಒಂದು ದಿನದ ‘ಕನಿಷ್ಠ’ಕ್ಕೂ ಕಡಿಮೆ. ವಿಜಯಪುರದಿಂದ ಹೊರಟು ಉಡುಪಿ ಮುಟ್ಟಿ, ಅಲ್ಲಿಲ್ಲಿ ಸುತ್ತಿ ವಾಪಸ್ ಬಂದರೂ ಮೀಟರ್ 1,200ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಬೆಳಗಾವಿಯಿಂದಾದರೆ ಇನ್ನೂ ಕಡಿಮೆ. ಬಿಲ್ಲು ಮಾತ್ರ 7 ದಿನ × 300, ಅಂದರೆ 2,100 ಕಿ.ಮೀ.ಗೆ ಬರುತ್ತದೆ. ಓಡದ 900 ಕಿ.ಮೀ.ಗೂ ದುಡ್ಡು.

ಒಂದು ಉದಾಹರಣೆ ಹಾಕಿ ನೋಡೋಣ. ಕಿ.ಮೀ.ಗೆ ₹14 ಹಿಡಿದರೆ 2,100ಕ್ಕೆ ₹29,400. ಅದೇ ಗಾಡಿಯನ್ನು ‘ದಿನದ ಬಾಡಿಗೆ, ಡೀಸೆಲ್ ನಮ್ಮದು’ ಎಂದು ಮಾತಾಡಿದರೆ, ದಿನಕ್ಕೆ ₹2,200ರಂತೆ ಏಳು ದಿನಕ್ಕೆ ₹15,400. ಲೀಟರಿಗೆ 12 ಕಿ.ಮೀ. ಕೊಟ್ಟರೆ 1,200 ಕಿ.ಮೀ.ಗೆ 100 ಲೀಟರ್, ಲೀಟರಿಗೆ ₹90ರಂತೆ ₹9,000. ಒಟ್ಟು ₹24,400. ಡ್ರೈವರನ ಬಾಟಾ (ಊಟದ ದುಡ್ಡು) ಎರಡಕ್ಕೂ ಒಂದೇ. ನಿಮ್ಮೂರಿನ ದರ ಬೇರೆ ಇರಬಹುದು, ಸೂತ್ರ ಇದೇ. ಸರಾಸರಿ ಓಟ ದಿನಕ್ಕೆ 200 ಕಿ.ಮೀ. ದಾಟದ ಪ್ರವಾಸಕ್ಕೆ ಕನಿಷ್ಠ 300ರ ಕಿ.ಮೀ. ದರ ತುಟ್ಟಿ. ದಿನದ ಬಾಡಿಗೆಗೆ ಬಗ್ಗದ ಓನರ್ ಇದ್ದರೆ, ಕನಿಷ್ಠ 300ರ ಬದಲು 200ಕ್ಕೆ ಇಳಿಸಿರೆಂದು ಕೇಳಿ.

ಕರಾರಿನಲ್ಲಿ ಸಣ್ಣಕ್ಷರದ ಎರಡು ಸಂಗತಿ ಬೇರೆ ಇರುತ್ತವೆ. ಒಂದು, ಕಿ.ಮೀ. ಎಣಿಕೆ ನಿಮ್ಮ ಮನೆಬಾಗಿಲಿಂದಲ್ಲ, ಗಾಡಿ ನಿಲ್ಲುವ ಶೆಡ್ಡಿನಿಂದ ಶೆಡ್ಡಿಗೆ. ಇನ್ನೊಂದು, ‘ದಿನ’ ಅಂದರೆ 24 ತಾಸಲ್ಲ, ನಡುರಾತ್ರಿಯಿಂದ ನಡುರಾತ್ರಿಗೆ. ರಾತ್ರಿ 10ಕ್ಕೆ ಹೊರಟರೆ ಎರಡು ತಾಸಿಗೇ ಒಂದು ದಿನದ ಬಾಡಿಗೆ ಮುಗಿಯುತ್ತದೆ. ರಾತ್ರಿ ಪ್ರಯಾಣದಲ್ಲಿ ಒಂದು ದಿನ ಉಳಿಯುತ್ತದೆಂದು ಲೆಕ್ಕ ಹಾಕುವವರು ಈ ಜಾಗದಲ್ಲೇ ಎಡವುತ್ತಾರೆ. ಬೆಳಗಿನ 5ಕ್ಕೆ ಹೊರಡುವುದೇ ಸರಿ. ಘಟ್ಟವೂ ಹಗಲಲ್ಲಿ ಸಿಗುತ್ತದೆ.

ಟೋಲ್, ಪಾರ್ಕಿಂಗ್ ಯಾವಾಗಲೂ ಬೇರೆ. ಕರಾವಳಿ ಹೆದ್ದಾರಿಯಲ್ಲಿ ಬೇಲೇಕೇರಿ, ಹೊಳೆಗದ್ದೆ, ಶಿರೂರು, ಸಾಸ್ತಾನ, ಹೆಜಮಾಡಿ ಎಂದು ಸಾಲಾಗಿ ಟೋಲ್‌ಗಳಿವೆ. ಫಾಸ್ಟ್ಯಾಗ್ ಓನರನದೇ ಆಗಿದ್ದರೆ ಹೊರಡುವಾಗ ಮತ್ತು ಬಂದಾಗ ಬ್ಯಾಲೆನ್ಸಿನ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ, ವಾದವೇ ಇರುವುದಿಲ್ಲ. 2025ರ ಆಗಸ್ಟ್ 15ರಿಂದ ಬಂದ ಫಾಸ್ಟ್ಯಾಗ್ ವಾರ್ಷಿಕ ಪಾಸು ಸ್ವಂತದ ಬಿಳಿ ಬೋರ್ಡಿನ ಕಾರಿಗೆ ಮಾತ್ರ. ಹಳದಿ ಬೋರ್ಡಿಗೆ ಅದು ನಡೆಯುವುದಿಲ್ಲ. ಗೋವಾದೊಳಗಿಂದ ಹಾಯುವುದಾದರೆ ಗಾಡಿಗೆ ಆಲ್ ಇಂಡಿಯಾ ಪರ್ಮಿಟ್ ಇದೆಯೇ ಕೇಳಿ. ಕರ್ನಾಟಕದ ಪರ್ಮಿಟ್ ಮಾತ್ರ ಇದ್ದರೆ ಗಡಿಯಲ್ಲಿ ಕಟ್ಟುವ ತೆರಿಗೆ ನಿಮ್ಮ ತಲೆಗೆ ಬರುತ್ತದೆ.

ಯಾವ ಗಾಡಿ? ಎರ್ಟಿಗಾ ಏಳು ಸೀಟಿನದು ನಿಜ, ಆದರೆ ಅದರಲ್ಲಿ ಒಂದು ಡ್ರೈವರನದು. ಮೂರೂ ಸಾಲು ಎತ್ತಿದಾಗ ಹಿಂದೆ ಉಳಿಯುವ ಡಿಕ್ಕಿ 209 ಲೀಟರ್, ಎರಡು ಸಣ್ಣ ಬ್ಯಾಗು ಹಿಡಿದರೆ ಹೆಚ್ಚು. ಸಿಎನ್‌ಜಿ ಗಾಡಿಯಲ್ಲಿ ಅಷ್ಟು ಜಾಗವನ್ನೂ ಸಿಲಿಂಡರ್ ನುಂಗಿರುತ್ತದೆ. ಹಾಗಾಗಿ ನಾಲ್ಕು ಮಂದಿ ಮತ್ತು ಏಳು ದಿನದ ಸಾಮಾನಿಗೆ ಎರ್ಟಿಗಾ, ಐದಾರು ಮಂದಿಗೆ ಇನೋವಾ. ಮೇಲೆ ಕ್ಯಾರಿಯರ್ ಕಟ್ಟಿಸುವುದಾದರೆ ಟಾರ್ಪಾಲು ಗಾಡಿಯಲ್ಲೇ ಇರಬೇಕು; ಅಕ್ಟೋಬರಿನಲ್ಲೂ ಕರಾವಳಿಯಲ್ಲಿ ಸಂಜೆ ಮಳೆ ಬಡಿಯುತ್ತದೆ.

ಸ್ವತಃ ಓಡಿಸುವವರಿಗೆ ಬಾಡಿಗೆಗೆ ಕೊಡುವ ಕಾರಿನ ನಂಬರ್ ಪ್ಲೇಟು ಕಪ್ಪಾಗಿರಬೇಕು, ಅಕ್ಷರ ಹಳದಿ. ‘ನಮ್ಮದೇ ಗಾಡಿ, ತಗೊಂಡ್ ಹೋಗ್ರಿ’ ಎಂದು ಬಿಳಿ ಬೋರ್ಡಿನದನ್ನು ಕೊಡುವವರು ಎಲ್ಲ ಊರಲ್ಲೂ ಸಿಗುತ್ತಾರೆ, ದರವೂ ಸೋವಿ. ಅಪಘಾತವಾದ ದಿನ ‘ಬಾಡಿಗೆಗೆ ಓಡುತ್ತಿತ್ತು’ ಎಂದು ಗೊತ್ತಾದರೆ ವಿಮೆ ಕೈ ಎತ್ತುತ್ತದೆ. ಆ ಸೋವಿ ಬೇಡ.

ಇನ್ನು ಊರುಗಳ ಪಟ್ಟಿ. ಪ್ಯಾಕೇಜಿನ ದೊಡ್ಡ ದೋಷ ಇರುವುದು ಇಲ್ಲಿ. ಗೋವಾ, ಗೋಕರ್ಣ, ಮುರುಡೇಶ್ವರ, ಕೊಲ್ಲೂರು, ಉಡುಪಿ, ಧರ್ಮಸ್ಥಳ, ಸುಬ್ರಹ್ಮಣ್ಯ, ಮಂಗಳೂರು, ಎಂಟು ಹೆಸರು ಒಂದೇ ಚೀಟಿಯಲ್ಲಿ. ಇವುಗಳಲ್ಲಿ ಧರ್ಮಸ್ಥಳ, ಸುಬ್ರಹ್ಮಣ್ಯ ಕರಾವಳಿಯೇ ಅಲ್ಲ, ಘಟ್ಟದ ಬುಡ. ಪಟ್ಟಿ ಉತ್ತರದಿಂದ ದಕ್ಷಿಣಕ್ಕೆ ಇಳಿಯುತ್ತ ಹೋಗಿ, ಏಳನೆಯ ದಿನ ಮಂಗಳೂರಿನಿಂದ ಮನೆಗೆ ಎನ್ನುತ್ತದೆ. ಮಂಗಳೂರಿನಿಂದ ಅಂಕೋಲಾ 235 ಕಿ.ಮೀ., ಅಲ್ಲಿಂದ ಹುಬ್ಬಳ್ಳಿ 140ರ ಹತ್ತಿರ, ಅಲ್ಲಿಂದ ವಿಜಯಪುರ ಇನ್ನೂರರ ಹತ್ತಿರ. ಕೂಡಿಸಿ ನೋಡಿ, 575ರ ಹತ್ತಿರ. ಅದೂ ಆರು ದಿನ ಸರಿಯಾಗಿ ನಿದ್ದೆಯಿಲ್ಲದ ಡ್ರೈವರ್, ಕತ್ತಲಲ್ಲಿ ಘಟ್ಟ.

ಪಟ್ಟಿಯನ್ನು ತಿರುವಿ ಹಾಕಿದರೆ ಅರ್ಧ ತೊಂದರೆ ಹೋಗುತ್ತದೆ: ದೂರದ್ದನ್ನು ಮೊದಲು ಮುಟ್ಟಿ, ನಂತರ ಮನೆಯ ಕಡೆಗೆ ನೋಡುವುದು. ಮೊದಲ ರಾತ್ರಿ ಅಂಕೋಲಾ (ಬೆಳಗಾವಿಯವರಿಗೆ ಕಾರವಾರ). ಎರಡನೆಯ ದಿನ ಅಂಕೋಲಾದಿಂದ ಉಡುಪಿ, 180 ಕಿ.ಮೀ. ಆಸುಪಾಸು, ದಾರಿಯಲ್ಲಿ ಹೊನ್ನಾವರದ ಬಳಿ ಮೊದಲ ಸಮುದ್ರಸ್ನಾನ. ಎರಡು ಮತ್ತು ಮೂರನೆಯ ರಾತ್ರಿ ಉಡುಪಿ ಅಥವಾ ಮಲ್ಪೆ. ನಾಲ್ಕನೆಯದು ಮುರುಡೇಶ್ವರ. ಐದು ಮತ್ತು ಆರು ಗೋಕರ್ಣ. ಏಳನೆಯ ದಿನ ಗೋಕರ್ಣದಿಂದ ವಿಜಯಪುರ 360ರ ಹತ್ತಿರ, ಬಾಗಲಕೋಟೆ ಇನ್ನೂ ಕಡಿಮೆ. ದೀಪ ಹಚ್ಚುವ ಹೊತ್ತಿಗೆ ಮನೆ. ಗೋವಾ, ಮಂಗಳೂರು, ಧರ್ಮಸ್ಥಳ, ಸುಬ್ರಹ್ಮಣ್ಯ, ಕೊಲ್ಲೂರು ಐದನ್ನೂ ಬಿಡಬೇಕಾಗುತ್ತದೆ. ಬಿಡಿ. ಮನೆಯ ಹಿರಿಯರು ಧರ್ಮಸ್ಥಳ ಬೇಕೇ ಬೇಕೆಂದರೆ ಅದು ಇನ್ನೊಂದು ಪ್ರವಾಸ.

ಇಳಿಯುವ ದಾರಿ ವಿಜಯಪುರ, ಬಾಗಲಕೋಟೆಯವರಿಗೆ ಚಿಂತೆಯೇ ಇಲ್ಲದ್ದು. ರಾಷ್ಟ್ರೀಯ ಹೆದ್ದಾರಿ 52 ವಿಜಯಪುರದಿಂದ ಕೊಲ್ಹಾರ, ಗದ್ದನಕೇರಿ ಕ್ರಾಸ್, ಕೆರೂರು, ನರಗುಂದ, ನವಲಗುಂದ, ಹುಬ್ಬಳ್ಳಿ, ಯಲ್ಲಾಪುರ ದಾಟಿ ಅಂಕೋಲಾದಲ್ಲೇ ಮುಗಿಯುತ್ತದೆ. ಮನೆಯಿಂದ ಸಮುದ್ರದವರೆಗೆ ಒಂದೇ ನಂಬರಿನ ರಸ್ತೆ. ಬೆಳಗಾವಿಯವರಿಗೆ ಆಯ್ಕೆ ಇದೆ: ಹುಬ್ಬಳ್ಳಿ ಸುತ್ತಿ ಬರುವುದು ಉದ್ದ ಆದರೂ ನಿಶ್ಚಿಂತೆ, ಖಾನಾಪುರ, ರಾಮನಗರ, ಜೊಯಿಡಾ, ಕದ್ರಾ ಮೂಲಕ ಕಾರವಾರಕ್ಕೆ ಇಳಿಯುವುದು ಗಿಡ್ಡ, ಕಾಳಿ ಹುಲಿ ಸಂರಕ್ಷಿತ ಅರಣ್ಯದ ನಡುವಿನ ಇಕ್ಕಟ್ಟಿನ ರಸ್ತೆ. ಹಗಲಲ್ಲಿ ಇದರಷ್ಟು ಚೆಂದದ ದಾರಿ ಇನ್ನೊಂದಿಲ್ಲ. ಆದರೆ ಜೊಯಿಡಾ ದಾಟಿದ ಮೇಲೆ ಬಹಳಷ್ಟು ಕಡೆ ಫೋನಿಗೆ ಸಿಗ್ನಲ್ ಇರುವುದಿಲ್ಲ, ನಕ್ಷೆಯನ್ನು ಮೊದಲೇ ಇಳಿಸಿಟ್ಟುಕೊಂಡು ಡೀಸೆಲ್ ತುಂಬಿಸಿಕೊಂಡೇ ಇಳಿಯಬೇಕು. ಮಳೆಗಾಲದಲ್ಲಿ ಈ ದಾರಿಯ ಅಣಶಿ ಘಟ್ಟದ ಹೆಸರನ್ನೂ ಎತ್ತಬೇಡಿ.

ಯಲ್ಲಾಪುರ ದಾಟಿದ ಮೇಲೆ ಬರುವ ಅರಬೈಲ್ ಘಟ್ಟ ಬಯಲುಸೀಮೆಯ ಡ್ರೈವರನ ನಿಜವಾದ ಪರೀಕ್ಷೆ. ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಬೇಕು, ಎರಡನೆಯದು ಅಥವಾ ಮೂರನೆಯದು. ನ್ಯೂಟ್ರಲ್‌ಗೆ ಹಾಕಿ ಬ್ರೇಕ್ ಮೇಲೆ ಇಳಿಸಿದರೆ ಸ್ವಲ್ಪ ಹೊತ್ತಿಗೇ ಸುಟ್ಟ ವಾಸನೆ ಬರುತ್ತದೆ. ಪೆಡಲ್ ಮೆತ್ತಗಾಯಿತೆಂದರೆ ಅಗಲ ಜಾಗ ನೋಡಿ ನಿಲ್ಲಿಸಿ ಅರ್ಧ ತಾಸು ಆರಲು ಬಿಡಿ. ಕಾದ ಡಿಸ್ಕಿನ ಮೇಲೆ ನೀರು ಸುರಿದರೆ ಅದು ಸೊಟ್ಟಗಾಗಿ ಮುಂದೆ ಬ್ರೇಕ್ ಒತ್ತಿದಾಗಲೆಲ್ಲ ಸ್ಟೇರಿಂಗ್ ಅದುರುತ್ತದೆ. ಟ್ರಾವೆಲ್ಸ್‌ನವರಿಗೆ ಕೇಳಬೇಕಾದ ಪ್ರಶ್ನೆ ‘ಡ್ರೈವರಿಗೆ ಎಷ್ಟು ವರ್ಷ ಅನುಭವ’ ಅಲ್ಲ. ‘ಅರಬೈಲ್ ಇಳಿದಿದ್ದಾನೇನು’ ಎಂದು ಕೇಳಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಪ್ಯಾಕೇಜನ್ನು ಅರ್ಧ ದರಕ್ಕೆ ಕೊಟ್ಟರೂ ಕೊಳ್ಳುವಂಥದ್ದಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಕುಸಿದು ಗಂಗಾವಳಿ ನದಿಗೆ ಜಾರಿತು; ಮೂರು ವಾರದ ಮೇಲೆ, ಆಗಸ್ಟ್ 7ರಂದು, ಕಾರವಾರದ ಕಾಳಿ ನದಿಯ ಹಳೆಯ ಸೇತುವೆಯೇ ಮುರಿದುಬಿತ್ತು. ಆ ತಿಂಗಳುಗಳಲ್ಲಿ ದೋಣಿ ಇಲ್ಲ, ನೀರಾಟ ಇಲ್ಲ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಮೀನುಗಾರಿಕೆಗೂ ನಿಷೇಧ. ಶಿರೂರಿನ ವಿಷಯ ಬಂತಲ್ಲ: ಗುಡ್ಡ ಕುಸಿದ ಶಿರೂರು ಬೇರೆ, ಬೈಂದೂರಿನ ಟೋಲ್ ಇರುವ ಶಿರೂರು ಬೇರೆ. ಬಾಗಲಕೋಟೆ ಪಕ್ಕದ ನಮ್ಮ ಶಿರೂರು ಸೇರಿದರೆ ಮೂರಾದವು. ನಕ್ಷೆಯಲ್ಲಿ ಬರೀ ಊರಿನ ಹೆಸರು ಹೊಡೆದು ಹೊರಟರೆ ಗಾಡಿ ಎಲ್ಲಿಗೋ ಹೊರಳುತ್ತದೆ, ತಾಲ್ಲೂಕಿನ ಹೆಸರನ್ನೂ ಸೇರಿಸಿ.

ಕರಾವಳಿಯುದ್ದದ ರಾಷ್ಟ್ರೀಯ ಹೆದ್ದಾರಿ 66 ಬಹುಪಾಲು ನಾಲ್ಕು ಪಥ. ಉತ್ತರ ಕನ್ನಡದ ಕೆಲವು ಕಡೆ ಕೆಲಸ ಅರ್ಧಕ್ಕೆ ನಿಂತು, ಎರಡೂ ದಿಕ್ಕಿನ ಗಾಡಿ ಒಂದೇ ಕಡೆ ಹರಿಯುತ್ತದೆ. ಬೋರ್ಡು ತಡವಾಗಿ ಕಾಣುತ್ತದೆ, ಆದ್ದರಿಂದ ಮಧ್ಯದ ಕಟ್ಟೆ ಇದ್ದಕ್ಕಿದ್ದಂತೆ ಮುಗಿದರೆ ವೇಗ ಇಳಿಸಿ. ಇನ್ನೊಂದು, ಮೀನಿನ ಲಾರಿ. ಅದರ ಹಿಂದಿನಿಂದ ಐಸ್ ನೀರು ರಸ್ತೆಗೆ ಸುರಿಯುತ್ತ ಹೋಗುತ್ತದೆ. ಆ ಒದ್ದೆ ಗೆರೆಯ ಮೇಲೆ ಬೈಕು ಜಾರುತ್ತದೆ, ಕಾರಿನ ಗಾಜಿಗೆ ಹಾರಿದರೆ ವೈಪರ್ ಹಾಕಿದಷ್ಟೂ ಎಣ್ಣೆಯಂತೆ ಹರಡುತ್ತದೆ. ಗಾಜು ಒರೆಸುವ ನೀರಿನ ಡಬ್ಬಿಗೆ ಒಂದು ಹನಿ ಶಾಂಪೂ ಹಾಕಿಟ್ಟುಕೊಂಡರೆ ಆ ಕಾಟ ತಪ್ಪುತ್ತದೆ. ಮರವಂತೆಯಲ್ಲಿ ಒಂದು ಬದಿ ಸಮುದ್ರ, ಇನ್ನೊಂದು ಬದಿ ಸೌಪರ್ಣಿಕಾ, ನಡುವೆ ಹೆದ್ದಾರಿ. ಎಲ್ಲರಿಗೂ ಅಲ್ಲೇ ಫೋಟೋ ಬೇಕು, ಎಲ್ಲರೂ ರಸ್ತೆಯ ಮೇಲೆಯೇ ಗಾಡಿ ನಿಲ್ಲಿಸುತ್ತಾರೆ. ಡಾಂಬರು ಬಿಟ್ಟು ಪೂರ್ತಿ ಬದಿಗೆ ಇಳಿಸಿ, ಮಕ್ಕಳನ್ನು ರಸ್ತೆಯ ಕಡೆಗಲ್ಲದ ಎಡ ಬಾಗಿಲಿನಿಂದಲೇ ಇಳಿಸಿ.

ಈಗ ಪ್ಯಾಕೇಜು ಹೇಳದೆ ಬಿಡುವ ಜಾಗ. ಮೊದಲ ಸಲ ಸಮುದ್ರಕ್ಕಿಳಿಯುವ ಕುಟುಂಬಕ್ಕೆ ಬೇಕಾದದ್ದು ಬಟ್ಟೆ ಬದಲಿಸುವ ಕೋಣೆ, ಸಿಹಿನೀರಿನ ಸ್ನಾನ, ಕಾವಲಿಗೆ ಲೈಫ್‌ಗಾರ್ಡ್. ಈ ಮೂರೂ ಇರುವಂಥ ಎರಡು ಕಡಲತೀರ ನಮ್ಮ ರಾಜ್ಯದಲ್ಲಿವೆ: ಹೊನ್ನಾವರದ ಕಾಸರಕೋಡು ಮತ್ತು ಉಡುಪಿ ಕೆಳಗಿನ ಪಡುಬಿದ್ರಿ. ಎರಡಕ್ಕೂ 2020ರಲ್ಲಿ, ಸ್ವಚ್ಛ ಮತ್ತು ಸುರಕ್ಷಿತ ಕಡಲತೀರಕ್ಕೆ ಕೊಡುವ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿದೆ. ಇಷ್ಟಿದ್ದೂ ಪಟ್ಟಿಯಲ್ಲಿ ಇವು ಇರುವುದೇ ಇಲ್ಲ. ಸೀರೆ, ಚೂಡಿದಾರದಲ್ಲೇ ನೀರಿಗಿಳಿದು ಉಪ್ಪು ಮರಳು ಹತ್ತಿದ ಮೈಯಲ್ಲೇ ಮೂರು ತಾಸು ಗಾಡಿಯಲ್ಲಿ ಕೂರುವ ಹೆಂಗಸರ ಪಾಡು ಪಟ್ಟಿ ಬರೆದವರಿಗೆ ಗೊತ್ತಿರಲಿಕ್ಕಿಲ್ಲ. ಕಾಸರಕೋಡಿನ ಹತ್ತಿರವೇ ಶರಾವತಿ ಹಿನ್ನೀರಿನ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವೆ ಮರದ ಹಲಗೆಯ ಕಾಲುದಾರಿ ಇದೆ, ಅಜ್ಜ-ಅಜ್ಜಿ ಕೂಡ ನಡೆಯಬಹುದು.

ಮುರುಡೇಶ್ವರದಲ್ಲಿ 123 ಅಡಿಯ ಶಿವನಿಗಿಂತ 20 ಅಂತಸ್ತಿನ ಗೋಪುರದ ಲಿಫ್ಟಿನ ಪಾಳಿಯೇ ಹೆಚ್ಚು ಹೊತ್ತು ತಿನ್ನುತ್ತದೆ. ಬೆಳಿಗ್ಗೆ ತೆರೆಯುತ್ತಲೇ ಹೋಗಿ. ಮಲ್ಪೆಯಿಂದ ಸೇಂಟ್ ಮೇರಿಸ್ ದ್ವೀಪಕ್ಕೆ ದೋಣಿ ಹೊರಡುವುದು ಜನ ತುಂಬಿದ ಮೇಲೆ, ಅರ್ಧ ದಿನ ಬೇಕೇ ಬೇಕು. ಅಲ್ಲಿನ ಕಂಬದಂಥ ಬಂಡೆಗಳು ಸುಮಾರು 8.8 ಕೋಟಿ ವರ್ಷದ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರ್ಪಡುವ ಕಾಲಕ್ಕೆ ಉಕ್ಕಿದ ಲಾವಾ. ವಿಜಯಪುರದ ನಮ್ಮ ಕರಿಕಲ್ಲೂ ಲಾವಾವೇ, ಆದರೆ ಎರಡು ಕೋಟಿ ವರ್ಷ ಚಿಕ್ಕದು. ಬಂಡೆಯ ಮೇಲೆ ಪಾಚಿ, ಚಪ್ಪಲಿ ಜಾರುತ್ತದೆ; ಹಿಂದೆ ಪಟ್ಟಿ ಇರುವುದನ್ನೇ ಹಾಕಿ.

ಗೋಕರ್ಣಕ್ಕೆ ಎರಡು ರಾತ್ರಿ ಯಾಕೆಂದರೆ ಅಲ್ಲಿ ದೇವರು ಬೇರೆ, ದಂಡೆ ಬೇರೆ. ಮಹಾಬಲೇಶ್ವರನ ಗುಡಿಗೆ ಗಂಡಸರು ಅಂಗಿ ತೆಗೆದು ಪಂಚೆಯಲ್ಲೇ ಹೋಗಬೇಕು, ಪ್ಯಾಂಟು ನಡೆಯದು. ಮಧ್ಯಾಹ್ನ ಬಾಗಿಲು ಹಾಕುತ್ತದೆ, ಬೆಳಿಗ್ಗೆಯೇ ಮುಗಿಸಿ. ರಥಬೀದಿಯೊಳಗೆ ಇನೋವಾ ನುಗ್ಗಿಸಿದರೆ ಹಿಂದೆ ಬರಲಾಗದೆ ಅರ್ಧ ತಾಸು ಬೈಸಿಕೊಳ್ಳುವುದು ಖಂಡಿತ. ಹೊರಗೆ ಪಾರ್ಕಿಂಗಿನಲ್ಲಿ ಬಿಡಿ. ಓಂ ಬೀಚಿಗೆ ಗಾಡಿ ಗುಡ್ಡದ ಮೇಲಿನವರೆಗೆ ಬರುತ್ತದೆ, ಅಲ್ಲಿಂದ ಮೆಟ್ಟಿಲು. ಹಾಫ್ ಮೂನ್, ಪ್ಯಾರಡೈಸ್ ಎರಡಕ್ಕೂ ರಸ್ತೆಯಿಲ್ಲ, ಕಾಲುದಾರಿ ಇಲ್ಲವೇ ದೋಣಿ. ಮೊಣಕಾಲು ನೋವಿನವರನ್ನು ಊರಿನ ಮುಖ್ಯ ದಂಡೆಯಲ್ಲೇ ಕೂರಿಸಿ ಮಿಕ್ಕವರು ಹೋಗಿಬರುವುದು ಲೇಸು.

ಕೃಷ್ಣೆ, ಘಟಪ್ರಭೆಯಲ್ಲಿ ಈಜಿದವರಿಗೆ ಒಂದು ಮಾತು. ಹೊಳೆಯ ಸೆಳೆತ ಒಂದೇ ದಿಕ್ಕಿಗೆ, ಕಣ್ಣಿಗೆ ಕಾಣುತ್ತದೆ. ಸಮುದ್ರದಲ್ಲಿ ಅಲೆ ತಂದು ಸುರಿದ ನೀರು ಹಿಂದಕ್ಕೆ ಹೋಗಲು ಒಂದು ಇಕ್ಕಟ್ಟಾದ ಜಾಗ ಹಿಡಿಯುತ್ತದೆ. ಅಲ್ಲಿ ನೊರೆ ಕಡಿಮೆ, ಅಲೆ ಸಣ್ಣದು, ನೀರು ಸ್ವಲ್ಪ ಕಪ್ಪು. ನೋಡಲು ಅದೇ ಶಾಂತ, ಮಕ್ಕಳನ್ನು ಇಳಿಸಲು ಅದೇ ಸರಿಯಾದ ಜಾಗವೆನಿಸುತ್ತದೆ. ಎಳೆಯುವುದು ಅದೇ. ಸಿಕ್ಕಿಕೊಂಡರೆ ದಂಡೆಯ ಕಡೆ ನೇರ ಈಜಿ ದಣಿಯಬೇಡಿ; ದಂಡೆಗೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಸೆಳೆತದಿಂದ ಹೊರಬಂದು, ಆಮೇಲೆ ಅಲೆಯ ಜೊತೆ ಒಳಗೆ ಬನ್ನಿ. 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರದಲ್ಲಿ ಶಾಲಾ ಪ್ರವಾಸಕ್ಕೆ ಬಂದ ನಾಲ್ವರು ವಿದ್ಯಾರ್ಥಿನಿಯರು ಮುಳುಗಿ ಸತ್ತರು. ಕೆಂಪು ಬಾವುಟ ಕಂಡರೆ ಪಾದದ ಮೇಲೆ ನೀರು ಬರಲು ಬಿಡಬೇಡಿ. ಭರತ-ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಸರಿಯುತ್ತದೆ; ನಿನ್ನೆ ಕೂತ ಬಂಡೆ ಇಂದು ಅದೇ ಹೊತ್ತಿಗೆ ನೀರಿನಿಂದ ಅಷ್ಟೇ ಎತ್ತರದಲ್ಲಿ ಇರಲಿಕ್ಕಿಲ್ಲ.

ಊಟ ಪ್ಯಾಕೇಜಿನಲ್ಲಿ ಇರದಿರುವುದೇ ಒಳ್ಳೆಯದು. ಮೀನೂಟದ ತಾಟಿಗೆ ದರ ನಿಗದಿ ಇರುತ್ತದೆ, ಆದರೆ ಕಾಣೆ, ಪಾಂಪ್ಲೆಟ್, ಅಂಜಲ್ ಫ್ರೈ ಮುಂದೆ ಬೋರ್ಡಿನಲ್ಲಿ ‘ಸೈಜ್ ಪ್ರಕಾರ’ ಎಂದಿರುತ್ತದೆ. ಕಾವಲಿಗೆ ಬೀಳುವ ಮೊದಲೇ ಮೀನು ತೋರಿಸಿ ದರ ಹೇಳಿಸಿಕೊಳ್ಳಿ. ಕಣ್ಣು ಉಬ್ಬಿರಬೇಕು, ಕಿವಿರು ಎತ್ತಿದರೆ ಕೆಂಪಿರಬೇಕು, ಬೆರಳಿಂದ ಒತ್ತಿದ ಗುಳಿ ಕೂಡಲೇ ಮೇಲೇಳಬೇಕು. ಬಂಗುಡೆ ಸೋವಿ, ರುಚಿಗೆ ಕಡಿಮೆಯಿಲ್ಲ. ಕಾರವಾರದ ಕಡೆ ಕೊನೆಗೆ ಸೋಲ್ ಕಡಿ (ಕೋಕಂ, ತೆಂಗಿನ ಹಾಲಿನ ಪಾನೀಯ) ಕುಡಿಯದೆ ಏಳಬೇಡಿ. ಸಸ್ಯಾಹಾರಿಗಳಿಗೆ ಉಡುಪಿಯಲ್ಲಿ ಏನೂ ಕೊರತೆಯಿಲ್ಲ, ರೊಟ್ಟಿ ಒಂದನ್ನು ಬಿಟ್ಟು. ನಾಲ್ಕನೆಯ ದಿನಕ್ಕೆ ಮನೆಯ ಹಿರಿಯರು ಅನ್ನ ನೋಡಿ ಮುಖ ತಿರುಗಿಸುವುದು ಗ್ಯಾರಂಟಿ. ಖಡಕ್ ರೊಟ್ಟಿ ಒಯ್ಯಿರಿ, ಆದರೆ ಬಟ್ಟೆಯಲ್ಲಿ ಕಟ್ಟಬೇಡಿ. ಕರಾವಳಿಯ ಹಸಿ ಗಾಳಿಗೆ ಬಿಚ್ಚಿಟ್ಟ ರೊಟ್ಟಿ ಬೇಗನೆ ಚಪ್ಪಲಿಯ ಚರ್ಮದಂತೆ ಬಗ್ಗುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಇಟ್ಟು, ಒಂದೂಟಕ್ಕೆ ಬೇಕಾದಷ್ಟನ್ನೇ ತೆಗೆಯಬೇಕು. ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಏಳು ದಿನ ತಡೆಯುತ್ತವೆ, ಒದ್ದೆ ಚಮಚ ಹಾಕದಿದ್ದರೆ.

ಡ್ರೈವರ್ ಎಲ್ಲಿ ಮಲಗುತ್ತಾನೆ? ಪ್ಯಾಕೇಜು ಮಾತೇ ಎತ್ತದ ಪ್ರಶ್ನೆ ಇದು. ಬಾಟಾ ಅಂದರೆ ಅವನ ಊಟದ ದುಡ್ಡು, ಕೋಣೆಯದಲ್ಲ. ಬಹಳಷ್ಟು ಮಂದಿ ಗಾಡಿಯಲ್ಲೇ ಗಾಜು ಇಳಿಸಿ ಮಲಗುತ್ತಾರೆ. ಕರಾವಳಿಯ ಸೆಕೆ, ಸೊಳ್ಳೆಯಲ್ಲಿ ನಿದ್ದೆಯೆಂಬುದು ಹೆಸರಿಗೆ ಮಾತ್ರ, ಬೆಳಿಗ್ಗೆ ಅವನ ಕೈಗೇ ನಿಮ್ಮ ಮನೆಮಂದಿಯನ್ನೆಲ್ಲ ಕೊಟ್ಟು ಕೂರುತ್ತೀರಿ. ಲಾಡ್ಜ್ ಬುಕ್ ಮಾಡುವಾಗಲೇ ‘ಡ್ರೈವರಣ್ಣಗ ಕಾಟ್ ಐತೇನ್ರಿ’ ಎಂದು ಕೇಳಿ. ಇಲ್ಲವೆಂದರೆ ಬೇರೆ ಲಾಡ್ಜ್ ನೋಡಿ, ಇಲ್ಲವೇ ಸಣ್ಣ ಕೋಣೆಯೊಂದಕ್ಕೆ ದುಡ್ಡು ತೆಗೆದಿಡಿ.

ಗಾಡಿಯನ್ನು ಮರಳಿಗೆ ಇಳಿಸುವ ಆಸೆ ಕೊನೆಯವರೆಗೂ ಕಾಡುತ್ತದೆ. ಒದ್ದೆ ಮರಳು ಗಟ್ಟಿಯಾಗಿ ಕಾಣುತ್ತದೆ, ಎರಡು ಮೀಟರ್ ಆಚೆ ಚಕ್ರ ಹೂತು ತಿರುಗುತ್ತದೆ, ಆಕ್ಸಿಲರೇಟರ್ ಒತ್ತಿದಷ್ಟೂ ಗುಂಡಿ ಆಳವಾಗುತ್ತದೆ, ಅಷ್ಟರಲ್ಲಿ ಭರತ ಏರುತ್ತದೆ. ಇಂಜಿನ್‌ಗೆ ನೀರು ಹೊಕ್ಕರೆ ಸಾಮಾನ್ಯ ವಿಮೆ ಕೊಡುವುದಿಲ್ಲ. ಇಂಜಿನ್ ಪ್ರೊಟೆಕ್ಷನ್ ಬೇರೆ ತೆಗೆದುಕೊಂಡಿರಬೇಕು. ಇಳಿಸದಿದ್ದರೂ ಉಪ್ಪು ಗಾಳಿ ಗಾಡಿಯ ತಳಕ್ಕೆ ಹಿಡಿದಿರುತ್ತದೆ. ಸ್ವಂತ ಕಾರಾದರೆ ವಾಪಸ್ ಬರುವಾಗ ಯಲ್ಲಾಪುರ ಅಥವಾ ಹುಬ್ಬಳ್ಳಿಯಲ್ಲಿ ತಳಕ್ಕೆ ಸಿಹಿನೀರು ಹೊಡೆಸಿ, ಚಕ್ರದ ಗೂಡಿನ ಒಳಗೂ. ಸೆಲ್ಫ್ ಡ್ರೈವ್ ಬಾಡಿಗೆಯದಾದರೂ ಅಷ್ಟೇ: ಕಾರ್ಪೆಟ್ ಅಡಿಯಲ್ಲಿ ಸಿಕ್ಕುವ ಮುಷ್ಟಿ ಮರಳಿಗೇ ಡೆಪಾಸಿಟ್ಟಿನಲ್ಲಿ ಮುರಿದುಕೊಳ್ಳುವವರಿದ್ದಾರೆ. ಒಯ್ಯುವಾಗ ನಾಲ್ಕೂ ಬದಿ, ಡಿಕ್ಕಿ, ಕಾರ್ಪೆಟ್, ಸ್ಟೆಪ್ನಿ, ಜ್ಯಾಕು ಎಲ್ಲದರ ವಿಡಿಯೊ ತೆಗೆದು, ಓನರನಿಗೆ ಅಲ್ಲೇ ವಾಟ್ಸಾಪಿನಲ್ಲಿ ಕಳಿಸಿ ಹೊರಡಿ.